ಕೊಳ್ಳುವಾಗ ನಿಧಾನ, ದೂರು ಕೊಡುವಾಗ ಅವಸರ

(ಸಂಘದ ವಿದ್ಯಾರ್ಥಿ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಟರ್‌ನೆಟ್ ಮೂಲಕ ವಸ್ತುಗಳನ್ನು ಕೊಳ್ಳುವಾಗ ವಹಿಸಬೇಕಾದ ಎಚ್ಚರಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಇದು ದೊಡ್ಡ ನಗರದವರ, ಕೈತುಂಬ ಹಣವಿದ್ದವರ ವಿಷಯವೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ನಿಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಿ. ಮಗಳ ಪರೀಕ್ಷೆಯ ಗೈಡು, ಹಬ್ಬದ ಬಟ್ಟೆ, ಮಿಕ್ಸಿಯ ಜಾರು, ಅಜ್ಜನ ಮೊಣಕಾಲಿನ ಪಟ್ಟಿ, ಹೀಗೆ ಏನಾದರೊಂದು ಪಾರ್ಸೆಲ್ ತಿಂಗಳಿಗೊಮ್ಮೆಯಾದರೂ ಮನೆಬಾಗಿಲಿಗೆ ಬರುತ್ತಿದೆ. ಅದನ್ನು ತರಿಸುವವರು ಯಾರು? ಹೆಚ್ಚಿನ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳು. ತಾಯಿಯ ಖಾತೆ, ತಂದೆಯ ಕಾರ್ಡು, ಗಲ್ಫಿನಲ್ಲಿ ದುಡಿಯುವ ಅಣ್ಣ ಕಳುಹಿಸಿದ ಹಣ, ಸರಕಾರದಿಂದ ಬಂದ ವಿದ್ಯಾರ್ಥಿವೇತನ ಎಲ್ಲವೂ ಒಂದೇ ಮೊಬೈಲಿಗೆ ಜೋಡಣೆಯಾಗಿವೆ. ಹಾಗಿರುವಾಗ ಒಂದು ತಪ್ಪು ಒತ್ತುವಿಕೆಯಿಂದ ಹೋಗುವುದು ಬರೇ ಒಂದು ಅಂಗಿಯ ಬೆಲೆಯಲ್ಲ, ಒಂದು ವರ್ಷದ ಫೀಸು ಹೋಗಬಹುದು. ಆದುದರಿಂದ ಇದು ನಮ್ಮದೇ ವಿಷಯ.

ಆನ್‌ಲೈನ್ ಖರೀದಿ ಬೇಡವೆಂದು ಹೇಳಲು ನಾನು ಬಂದಿಲ್ಲ. ಅದರಿಂದ ಅನುಕೂಲ ಬಹಳ ಇದೆ. ಪುತ್ತೂರಿನಲ್ಲಿ ಸಿಗದ ಪುಸ್ತಕ ಮೂರು ದಿನದಲ್ಲಿ ಮನೆಗೆ ಬರುತ್ತದೆ. ಪೇಟೆಗೆ ಹೋಗಲಾಗದ ಹೆಂಗಸರು ಮನೆಯಲ್ಲೇ ಕುಳಿತು ಬೆಲೆ ಹೋಲಿಸಿ ನೋಡುತ್ತಾರೆ. ನಾನು ಹೇಳಲು ಬಂದಿರುವುದು ಇಷ್ಟೇ: ಕೊಳ್ಳುವಾಗ ನಿಧಾನ ಬೇಕು, ಮೋಸವಾದರೆ ದೂರು ಕೊಡುವಾಗ ಅವಸರ ಬೇಕು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತೇವೆ. ಕೊಳ್ಳಲು ಅವಸರ, ದೂರಿಗೆ ನಿಧಾನ. ನಷ್ಟದ ಮೂಲ ಇರುವುದು ಅಲ್ಲಿಯೇ.

ಬೀಗ ಒಡೆಯದ ಕಳ್ಳ

ಮೊದಲು ಕಳ್ಳ ಹೇಗೆ ಒಳಗೆ ಬರುತ್ತಾನೆ ಎಂಬುದನ್ನು ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ಕಾರ್ಡಿನಿಂದ ಆನ್‌ಲೈನಿನಲ್ಲಿ ಹಣ ಕೊಡುವಾಗ ಕಾರ್ಡಿನ ಅಂಕೆಗಳಷ್ಟೇ ಸಾಲದು, ಇನ್ನೊಂದು ಗುಪ್ತ ಪರೀಕ್ಷೆಯೂ ಬೇಕು ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ 2009ರಲ್ಲೇ ತಂದಿತು. ನಮಗೆ ಬರುವ ಓಟಿಪಿ ಇದೇ ಪರೀಕ್ಷೆಯ ಒಂದು ರೂಪ. 2016ರಲ್ಲಿ ಯುಪಿಐ ಬಂದಾಗ ಅದಕ್ಕೂ ಗುಪ್ತ ಪಿನ್ ಇಟ್ಟರು. 2022ರ ಅಕ್ಟೋಬರ್ 1ರಿಂದ ಯಾವ ಆನ್‌ಲೈನ್ ಅಂಗಡಿಯೂ ನಿಮ್ಮ ಕಾರ್ಡಿನ ಪೂರ್ತಿ ನಂಬರನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲಿಗೆ ಆ ಅಂಗಡಿಯಲ್ಲಿ ಮಾತ್ರ ನಡೆಯುವ ಒಂದು ಸಂಕೇತ ಸಂಖ್ಯೆಯನ್ನು ಇಟ್ಟುಕೊಳ್ಳಬೇಕು. ಅಂದರೆ ಬೀಗ ಗಟ್ಟಿಯಾಗಿಯೇ ಇದೆ.

ಬೀಗ ಗಟ್ಟಿಯಾಗಿರುವುದರಿಂದಲೇ ಕಳ್ಳ ಅದನ್ನು ಒಡೆಯುವ ಕೆಲಸಕ್ಕೆ ಹೋಗುವುದಿಲ್ಲ. ಮನೆಯವರೇ ಎದ್ದು ಬಂದು ಬಾಗಿಲು ತೆರೆಯುವಂತೆ ಮಾಡುತ್ತಾನೆ. ಅದಕ್ಕೆ ಅವನಿಗೆ ಬೇಕಾಗಿರುವುದು ನಮ್ಮ ಆಸೆ ಅಥವಾ ನಮ್ಮ ಹೆದರಿಕೆ. ಎರಡಕ್ಕೂ ಅವಸರವನ್ನು ಬೆರೆಸುತ್ತಾನೆ. "ಇನ್ನು ಹತ್ತೇ ನಿಮಿಷ ಈ ಬೆಲೆ", "ಈಗಲೇ ವಿಳಾಸ ಸರಿಪಡಿಸದಿದ್ದರೆ ಪಾರ್ಸೆಲ್ ವಾಪಸು", "ಇಂದು ರಾತ್ರಿ ನಿಮ್ಮ ಖಾತೆ ಬಂದ್". ಯೋಚಿಸಲು ನಮಗೆ ಸಮಯ ಸಿಗಬಾರದು ಎಂಬುದೇ ಅವನ ಲೆಕ್ಕ.

ಅವಸರಪಡಿಸುವುದು ಕಳ್ಳರ ಅಭ್ಯಾಸ ಮಾತ್ರವಲ್ಲ. ಹೆಸರುವಾಸಿ ಅಂಗಡಿಗಳೂ ಇದನ್ನು ಮಾಡುವುದುಂಟು. ಗ್ರಾಹಕರನ್ನು ದಾರಿತಪ್ಪಿಸುವ ಇಂತಹ 13 ಬಗೆಯ ತಂತ್ರಗಳನ್ನು ಕೇಂದ್ರ ಸರಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಅವಸರ. ನಾವು ಕೇಳದ ವಸ್ತುವನ್ನು ಬುಟ್ಟಿಗೆ ತೂರಿಸುವುದು ಎರಡನೆಯದು. ಆದುದರಿಂದ ಹಣ ಕೊಡುವ ಮುನ್ನ ಬಿಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ದಿನಸಿ ಅಂಗಡಿಯ ಚೀಟಿಯನ್ನು ನಮ್ಮ ಹಿರಿಯರು ಎರಡು ಸಲ ಕೂಡಿ ನೋಡುತ್ತಿದ್ದರಲ್ಲ, ಆ ಅಭ್ಯಾಸ ಇಲ್ಲಿಯೂ ಬೇಕು.

ವಿಳಾಸ ಓದುವ ಕ್ರಮ

ವೆಬ್‌ಸೈಟಿನ ವಿಳಾಸದ ಪಕ್ಕದಲ್ಲಿ ಬೀಗದ ಗುರುತಿದ್ದರೆ ಅದು ಸುರಕ್ಷಿತ ಎಂಬ ಮಾತು ಬಹಳ ಕಾಲ ನಡೆಯಿತು. ಅದು ಅರ್ಧ ಸತ್ಯ. ನಿಮ್ಮ ಮೊಬೈಲಿನಿಂದ ಆ ವೆಬ್‌ಸೈಟಿಗೆ ಹೋಗುವ ಮಾತನ್ನು ದಾರಿಯಲ್ಲಿ ಮೂರನೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಕುಳಿತವನು ಪ್ರಾಮಾಣಿಕನೋ ಮೋಸಗಾರನೋ ಎಂದು ಬೀಗ ಹೇಳುವುದಿಲ್ಲ. ಇಂದು ನಕಲಿ ಸೈಟುಗಳಲ್ಲೂ ಬೀಗ ಇರುತ್ತದೆ. ಜನ ಇದನ್ನು ತಪ್ಪಾಗಿ ತಿಳಿಯುತ್ತಿದ್ದಾರೆಂದೇ ಗೂಗಲ್ ಕಂಪನಿ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಗುರುತನ್ನು ತೆಗೆದು ಬೇರೆ ಗುರುತು ಇಟ್ಟಿತು.

ಹಾಗಾದರೆ ನೋಡಬೇಕಾದುದೇನು? ವಿಳಾಸದ ಹೆಸರನ್ನು. ಅಂಚೆ ಲಕೋಟೆಯ ಮೇಲೆ ಮನೆಯ ಹೆಸರು ಮೊದಲು, ಊರು ಕೊನೆಗೆ ಬರುತ್ತದೆ. ವೆಬ್ ವಿಳಾಸವೂ ಹಾಗೆಯೇ. ಮೊದಲ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. 'ಡಾಟ್ ಕಾಮ್' ಅಥವಾ 'ಡಾಟ್ ಇನ್' ಎಂಬುದಕ್ಕೆ ತೀರಾ ಹತ್ತಿರ, ಅದರ ಹಿಂದೆ ಇರುವ ಹೆಸರೇ ನಿಜವಾದ ಯಜಮಾನನದು. 'ದೊಡ್ಡಂಗಡಿ ಡಾಟ್ ಕಾಮ್' ಎಂದಿದ್ದರೆ ಯಜಮಾನ ದೊಡ್ಡಂಗಡಿ. ಆದರೆ 'ದೊಡ್ಡಂಗಡಿ ಡಾಟ್ ಹಬ್ಬದಸೇಲ್ ಡಾಟ್ ಕಾಮ್' ಎಂದಿದ್ದರೆ ಯಜಮಾನ ಹಬ್ಬದಸೇಲ್. ಮುಂದೆ ಇರುವ ದೊಡ್ಡಂಗಡಿ ಬರೇ ಅಲಂಕಾರ. ಒಂದಕ್ಷರ ಹೆಚ್ಚು, ಒಂದಕ್ಷರ ಕಡಿಮೆ ಮಾಡಿ ಮಾಡಿದ ಹೆಸರುಗಳನ್ನೂ ಗಮನಿಸಿ. ಇದಕ್ಕಿಂತ ಸುಲಭದ ಉಪಾಯವೆಂದರೆ, ವಾಟ್ಸಾಪಿನಲ್ಲಿ ಬಂದ ಲಿಂಕನ್ನು ಒತ್ತದೆ, ಅಂಗಡಿಯ ಹೆಸರನ್ನು ನೀವೇ ಬರೆದು ಅಥವಾ ಅದರ ಅಧಿಕೃತ ಆ್ಯಪ್ ತೆರೆದು ಒಳಹೋಗುವುದು. ಅಲ್ಲಿ ಆ ಆಫರ್ ಕಾಣದಿದ್ದರೆ ಆಫರೇ ಸುಳ್ಳು.

ಬ್ಯಾಂಕುಗಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆಯಾಗಿದೆ. 2025ರ ಅಕ್ಟೋಬರ್ 31ರ ಒಳಗೆ ಎಲ್ಲಾ ಬ್ಯಾಂಕುಗಳೂ ತಮ್ಮ ವೆಬ್‌ಸೈಟನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ಹೆಸರು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಬ್ಯಾಂಕಿನ ಪುಟವೆಂದು ಯಾರಾದರೂ ತೋರಿಸಿದರೆ ಈ ಬಾಲವನ್ನು ಮೊದಲು ನೋಡಿ.

ಅಂಗಡಿಯನ್ನು ಪರೀಕ್ಷಿಸುವುದು

ಹಬ್ಬ ಹತ್ತಿರ ಬಂದಾಗ ಇನ್‌ಸ್ಟಾಗ್ರಾಮಿನಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಬಟ್ಟೆಯ ಜಾಹೀರಾತುಗಳು ಸಾಲುಗಟ್ಟುತ್ತವೆ. ಇವುಗಳಲ್ಲಿ ಮನೆಯಲ್ಲೇ ಹೊಲಿದು ಮಾರುವ ಪ್ರಾಮಾಣಿಕ ಸಹೋದರಿಯರೂ ಇದ್ದಾರೆ, ಬೇರೆಯವರ ಫೋಟೋ ಕದ್ದು ಹಾಕಿ ಹಣ ಹೊಡೆಯುವವರೂ ಇದ್ದಾರೆ. ಬೇರ್ಪಡಿಸುವುದು ಹೇಗೆ?

ಇದಕ್ಕೆ ಕಾನೂನು ಒಂದು ಅಳತೆಗೋಲು ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರ ಜುಲೈಯಲ್ಲಿ ಇ-ಕಾಮರ್ಸ್ ನಿಯಮಗಳು ಜಾರಿಗೆ ಬಂದವು. ಅವುಗಳ ಪ್ರಕಾರ ಆನ್‌ಲೈನ್ ವ್ಯಾಪಾರ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಸಂಪರ್ಕದ ವಿವರ, ದೂರು ಆಲಿಸುವ ಅಧಿಕಾರಿಯ ಹೆಸರು ಇವನ್ನು ಕಾಣುವಂತೆ ಹಾಕಬೇಕು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಣ ಕೊಡುವ ಮುನ್ನ ಈ ವಿವರಗಳನ್ನು ಹುಡುಕಿ. ವಿಳಾಸವಿಲ್ಲದ, ವಾಟ್ಸಾಪ್ ನಂಬರೊಂದೇ ಇರುವ, ಸರಕು ಹಿಂದಿರುಗಿಸುವ ಷರತ್ತನ್ನು ಎಲ್ಲಿಯೂ ಬರೆಯದ ಅಂಗಡಿಗೆ ಮುಂಗಡ ಹಣ ಕಳುಹಿಸಬೇಡಿ. ಐದು ಸಾವಿರದ ವಸ್ತುವನ್ನು ಐನೂರಕ್ಕೆ ಕೊಡುವವನಿಗೆ ಏನು ಲಾಭ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಕೊಂಡವರ ಅಭಿಪ್ರಾಯಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಕಲಿ ವಿಮರ್ಶೆಗಳ ಕಾಟ ಹೆಚ್ಚಿದ್ದರಿಂದಲೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದು ಒಂದು ಮಾನದಂಡವನ್ನು ಪ್ರಕಟಿಸಬೇಕಾಯಿತು. ಐದು ನಕ್ಷತ್ರದವನ್ನು ಬಿಟ್ಟು ಒಂದು, ಎರಡು ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆಂದು ಮೊದಲು ಓದಿ. ಹೊಸ ಅಂಗಡಿಯಾದರೆ ಮೊದಲ ಸಲ ಸಣ್ಣ ವಸ್ತುವನ್ನು, ಮನೆಗೆ ಬಂದ ಮೇಲೆ ಹಣ ಕೊಡುವ ಕ್ರಮದಲ್ಲಿ ತರಿಸಿ ನೋಡಿ.

ಹಣ ಕೊಡುವ ಕ್ಷಣ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿರುವ ತಾಯಂದಿರು ಒಂದೇ ಒಂದು ಮಾತನ್ನು ನೆನಪಿಟ್ಟುಕೊಂಡು ಹೋದರೂ ನನ್ನ ಭಾಷಣ ಸಾರ್ಥಕ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದಿರೆಂದರೆ ಹಣ ಹೋಗುವುದಕ್ಕೆ ನೀವು ಒಪ್ಪಿಗೆ ಕೊಟ್ಟಂತೆ, ಇಲ್ಲವೇ ಬ್ಯಾಲೆನ್ಸ್ ನೋಡಿದಂತೆ. ಹಣ ಬರುವುದಕ್ಕೆ ಪಿನ್ ಒತ್ತುವ ಕ್ರಮವೇ ಇಲ್ಲ.

ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಜನ ಹಣ ಕಳೆದುಕೊಂಡಿದ್ದಾರೆ. ಒಬ್ಬ ವಿದ್ಯಾರ್ಥಿ ತನ್ನ ಹಳೆಯ ಮೊಬೈಲನ್ನು ಮಾರಲು ಸೆಕೆಂಡ್‌ಹ್ಯಾಂಡ್ ಸೈಟಿನಲ್ಲಿ ಹಾಕಿದನೆಂದುಕೊಳ್ಳಿ. ಐದೇ ನಿಮಿಷದಲ್ಲಿ ಫೋನ್ ಬರುತ್ತದೆ. ತಾನು ಸೈನಿಕ, ಬೇರೆ ಊರಿಗೆ ವರ್ಗವಾಗಿದೆ, ಚೌಕಾಸಿ ಬೇಡ, ಹೇಳಿದ ಬೆಲೆ ಕೊಡುತ್ತೇನೆ ಎನ್ನುತ್ತಾನೆ. ಗುರುತಿನ ಚೀಟಿಯ ಫೋಟೋ ಕೂಡ ಕಳುಹಿಸುತ್ತಾನೆ. ಬಳಿಕ ಒಂದು ಕ್ಯೂಆರ್ ಕೋಡ್ ಬರುತ್ತದೆ, "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ." ಹಾಕಿದ ಕೂಡಲೇ ಬರಬೇಕಾದ ಹಣ ಹೋಗಿರುತ್ತದೆ. ಸೈನಿಕರ ಮೇಲೆ ನಮಗಿರುವ ಗೌರವವನ್ನೇ ಮೋಸಗಾರ ಬಂಡವಾಳ ಮಾಡಿಕೊಂಡ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವವರು ಹಣ ಕೊಡುವವರು. ಮಾರುವವರು ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ.

ಇಂತಹ ಮೋಸಗಳ ಕಾರಣದಿಂದಲೇ, ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಯುಪಿಐಯಲ್ಲಿ "ಹಣ ಕೊಡಿ" ಎಂಬ ಕೋರಿಕೆ ಕಳುಹಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಒಂದು ಬಾಗಿಲು ಮುಚ್ಚಿತು, ಆದರೆ ಕ್ಯೂಆರ್ ಕೋಡಿನ ಬಾಗಿಲು ತೆರೆದೇ ಇದೆ. ಹಣ ಕಳುಹಿಸುವ ಮುನ್ನ ಪರದೆಯ ಮೇಲೆ ಪಡೆಯುವವರ ಹೆಸರು ಬರುತ್ತದೆ. 2025ರಿಂದ ಬ್ಯಾಂಕಿನಲ್ಲಿ ದಾಖಲಾದ ಹೆಸರನ್ನೇ ಅಲ್ಲಿ ತೋರಿಸಬೇಕೆಂಬ ನಿಯಮವಿದೆ. ಅಂಗಡಿಯ ಹೆಸರು ಒಂದು, ಪರದೆಯ ಹೆಸರು ಇನ್ನೊಂದು ಆಗಿದ್ದರೆ ಅಲ್ಲಿಗೇ ನಿಲ್ಲಿಸಿ ಕೇಳಿ.

ಕಾರ್ಡು ಉಪಯೋಗಿಸುವವರಿಗೆ ಇನ್ನೊಂದು ಮಾತು. ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಇವನ್ನು ಬೇಕಾದಾಗ ತೆರೆಯುವ, ಬೇಡವಾದಾಗ ಮುಚ್ಚುವ, ಮಿತಿ ಹಾಕುವ ಅಧಿಕಾರ 2020ರಿಂದ ಕಾರ್ಡುದಾರರ ಕೈಯಲ್ಲೇ ಇದೆ. ಬ್ಯಾಂಕಿನ ಆ್ಯಪಿನಲ್ಲಿ ಇದನ್ನು ಮಾಡಬಹುದು. ಆಗದಿದ್ದರೆ ಶಾಖೆಗೆ ಹೋಗಿ ಕೇಳಿ. ಸಾಧ್ಯವಿದ್ದರೆ ಖರೀದಿಗೆಂದೇ ಸ್ವಲ್ಪ ಹಣವಿರುವ ಒಂದು ಖಾತೆ ಇಟ್ಟುಕೊಳ್ಳಿ. ಫೀಸಿನ ಹಣ, ಮದುವೆಗೆ ಕೂಡಿಟ್ಟ ಹಣ ಇರುವ ಖಾತೆಯನ್ನು ಮೊಬೈಲಿಗೆ ಜೋಡಿಸಬೇಡಿ. ಸಂತೆಗೆ ಹೋಗುವಾಗ ಯಾರೂ ತಿಜೋರಿಯನ್ನು ಹೊತ್ತುಕೊಂಡು ಹೋಗುವುದಿಲ್ಲ.

ಪಾರ್ಸೆಲ್ ಮತ್ತು ಕಸ್ಟಮರ್ ಕೇರ್

ಹಣ ಕೊಟ್ಟ ಮೇಲೆಯೂ ಎಚ್ಚರ ಬೇಕು. "ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸರಿಯಿಲ್ಲ, ಈ ಲಿಂಕಿನಲ್ಲಿ ಸರಿಪಡಿಸಿ" ಎಂಬ ಸಂದೇಶ ಭಾರತೀಯ ಅಂಚೆಯ ಹೆಸರಿನಲ್ಲಿ ಹರಿದಾಡಿದಾಗ, ಅದು ನಕಲಿ ಎಂದು ಕೇಂದ್ರದ ವಾರ್ತಾ ಶಾಖೆಯು 2024ರಲ್ಲಿ ಎಚ್ಚರಿಸಬೇಕಾಯಿತು. ಲಿಂಕ್ ಒತ್ತಿದರೆ ಸಣ್ಣದೊಂದು ಶುಲ್ಕ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಆ ಶುಲ್ಕವಲ್ಲ, ಅದನ್ನು ಕಟ್ಟಲು ನೀವು ತುಂಬುವ ಕಾರ್ಡಿನ ವಿವರ.

ಬೆಲೆಬಾಳುವ ವಸ್ತು ಬಂದಾಗ ತಂದವರು ಓಟಿಪಿ ಕೇಳುವುದು ಸರಿಯಾದ ಕ್ರಮವೇ. ಆದರೆ ಅದನ್ನು ಕೊಡಬೇಕಾದುದು ಪಾರ್ಸೆಲ್ ನಿಮ್ಮ ಕೈಗೆ ಬಂದ ಮೇಲೆ. ಫೋನ್ ಮಾಡಿ, "ಆರ್ಡರ್ ಕ್ಯಾನ್ಸಲ್ ಮಾಡಲು ಓಟಿಪಿ ಹೇಳಿ" ಎನ್ನುವವರಿಗೆ ಕೊಡಬೇಡಿ. ಪಾರ್ಸೆಲ್ ಒಡೆಯುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ತೆಗೆದಿಡಿ. ಮೊಬೈಲಿನ ಬದಲು ಸಾಬೂನು ಬಂದರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತದೆ.

ಇನ್ನೊಂದು ದೊಡ್ಡ ಗುಂಡಿ ನಕಲಿ ಕಸ್ಟಮರ್ ಕೇರ್. ಹಣ ವಾಪಸು ಬಾರದಾಗ ನಾವು ಗೂಗಲಿನಲ್ಲಿ ನಂಬರ್ ಹುಡುಕುತ್ತೇವೆ. ಮೋಸಗಾರರು ತಮ್ಮ ನಂಬರನ್ನು ಮೊದಲೇ ಅಲ್ಲಿ ಹಾಕಿ ಕಾದಿರುತ್ತಾರೆ. ಬಹಳ ವಿನಯದಿಂದ ಮಾತನಾಡಿ, "ಒಂದು ಆ್ಯಪ್ ಹಾಕಿಕೊಳ್ಳಿ, ನಾನೇ ಸರಿಮಾಡುತ್ತೇನೆ" ಎನ್ನುತ್ತಾರೆ. ಆ ಆ್ಯಪಿನಿಂದ ನಿಮ್ಮ ಮೊಬೈಲಿನ ಪರದೆ ಅವರಿಗೆ ಕಾಣುತ್ತದೆ, ಓಟಿಪಿಯೂ ಕಾಣುತ್ತದೆ. ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಸಹಾಯದ ನಂಬರನ್ನು ಅಂಗಡಿಯ ಆ್ಯಪಿನ ಒಳಗಿನಿಂದಲೇ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ಬಂದ 'ಎಪಿಕೆ' ಎಂದು ಕೊನೆಯಾಗುವ ಫೈಲನ್ನು, ಅದು ಮದುವೆ ಕಾಗದವೆಂದು ಬಂದರೂ ಸರಿ, ಒತ್ತಬೇಡಿ. ಪರಿಚಯದವರ ನಂಬರಿನಿಂದ ಬಂದರೂ ಒಮ್ಮೆ ಫೋನ್ ಮಾಡಿ ಕೇಳಿ.

ಹಣ ಹೋದ ಮೇಲೆ

ಇಷ್ಟೆಲ್ಲಾ ಎಚ್ಚರವಿದ್ದರೂ ಮೋಸ ಆಗಬಹುದು. ವಿದ್ಯಾವಂತರಿಗೂ ಆಗುತ್ತದೆ, ಅಧಿಕಾರಿಗಳಿಗೂ ಆಗುತ್ತದೆ. ಇಲ್ಲಿಂದ ಅವಸರ ಬೇಕು.

ಮೊದಲ ಕೆಲಸ, 1930 ನಂಬರಿಗೆ ಫೋನ್. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಖಾತೆಯಿಂದ ಎರಡನೆಯದಕ್ಕೆ, ಅಲ್ಲಿಂದ ನಾಲ್ಕಕ್ಕೆ ಹಂಚಿಹೋಗಿ ಕೊನೆಗೆ ಎಟಿಎಂನಿಂದ ನೋಟಾಗಿ ಹೊರಬರುತ್ತದೆ. 1930ರಲ್ಲಿ ದೂರು ದಾಖಲಾದರೆ ಸಂಬಂಧಪಟ್ಟ ಬ್ಯಾಂಕುಗಳಿಗೆ ಕೂಡಲೇ ಸೂಚನೆ ಹೋಗಿ, ಹಣ ಇನ್ನೂ ಖಾತೆಯಲ್ಲಿದ್ದರೆ ಅಲ್ಲೇ ತಡೆಹಿಡಿಯಲು ಸಾಧ್ಯ. ನೋಟಾಗಿ ಹೋದ ಮೇಲೆ ತಡೆಯುವುದು ಯಾರನ್ನು? ಆದುದರಿಂದಲೇ ಮೊದಲ ಒಂದೆರಡು ಗಂಟೆ ಬಹಳ ಅಮೂಲ್ಯ. 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್' ಎಂಬ ಸರಕಾರಿ ಪೋರ್ಟಲಿನಲ್ಲಿಯೂ ದೂರು ಬರೆಯಬಹುದು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಗಳಿವೆ.

ಎರಡನೆಯ ಕೆಲಸ, ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯುವುದು. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸೂಚನೆಯನ್ನು ನೋಡಿದರೆ ಸಮಯದ ಬೆಲೆ ಗೊತ್ತಾಗುತ್ತದೆ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಬೇರೆಲ್ಲೋ ಲೋಪವಾಗಿ ಹಣ ಹೋದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವೇ ಇಲ್ಲ ಎಂದು ಅದು ಹೇಳಿತು. ನಾಲ್ಕರಿಂದ ಏಳು ದಿನವಾದರೆ ಸ್ವಲ್ಪ ನಷ್ಟ ಅವನ ಪಾಲಿಗೆ. ಗ್ರಾಹಕನೇ ಓಟಿಪಿ, ಪಿನ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಿಮ್ಮ ಬ್ಯಾಂಕಿನಲ್ಲಿ ಈಗ ಇರುವ ನಿಯಮವನ್ನು ಶಾಖೆಯಲ್ಲಿ ಕೇಳಿ ತಿಳಿದಿರಿ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುವ ಹಕ್ಕು ನಿಮಗಿದೆ. ಸಂದೇಶ, ಸ್ಕ್ರೀನ್‌ಶಾಟ್, ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ. "ಕಳೆದ ಹಣ ವಾಪಸು ತರಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಎಂದು ಬರುವವನು ಎರಡನೆಯ ಕಳ್ಳ.

ವಂಚನೆಯಲ್ಲದೆ ಬರೇ ಹಾಳಾದ ಸರಕು, ಹಿಂದಿರುಗಿಸದ ಹಣ ಇಂತಹ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯಿದೆ ಕೊಟ್ಟ ದೊಡ್ಡ ಅನುಕೂಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವೂ ಇಲ್ಲ.

ಮನೆಯೊಳಗಿನ ಮಾತು

ಹಿರಿಯರೇ, ಈಗ ನಿಮ್ಮೊಡನೆ ಒಂದು ವಿನಂತಿ. ಹಣ ಹೋದ ಮಗ ಕೂಡಲೇ ಏಕೆ ಹೇಳುವುದಿಲ್ಲ? ಮನೆಯಲ್ಲಿ ಬೈಯುತ್ತಾರೆ, ಮೊಬೈಲ್ ಕಸಿದುಕೊಳ್ಳುತ್ತಾರೆ ಎಂಬ ಭಯ. ಮಗಳಾದರೆ ಕಾಲೇಜು ಬಿಡಿಸುತ್ತಾರೇನೋ ಎಂಬ ಆತಂಕವೂ ಇರಬಹುದು. ಆ ಭಯದಲ್ಲಿ ಎರಡು ದಿನ ಸುಮ್ಮನಿರುತ್ತಾರೆ. ಕೆಲವರು ಹೋದ ಹಣವನ್ನು ಗುಟ್ಟಾಗಿ ತುಂಬಿಸಲು ಹೋಗಿ ಸಾಲದ ಆ್ಯಪುಗಳ ಬಾಯಿಗೆ ಬೀಳುತ್ತಾರೆ. ಮೊದಲ ಗಂಟೆಯಲ್ಲಿ ಹೇಳಿದ್ದರೆ ಉಳಿಯುತ್ತಿದ್ದ ಹಣ, ನಮ್ಮ ಕೋಪದ ಭಯದಿಂದ ಕಳ್ಳನ ಪಾಲಾಗುತ್ತದೆ. ಆದುದರಿಂದ ಇಂದೇ ಮನೆಗೆ ಹೋಗಿ ಮಕ್ಕಳನ್ನು ಕೂರಿಸಿ ಹೇಳಿ: "ಏನಾದರೂ ಆದರೆ ಮೊದಲು ನನಗೆ ಹೇಳು, ಫೋನ್ ಮಾಡಿದ ಮೇಲೆ ಉಳಿದ ಮಾತು." ಬೈಯುವುದೇ ಇದ್ದರೆ 1930ಕ್ಕೆ ಫೋನ್ ಮಾಡಿದ ಮೇಲೆ ಬೈಯಿರಿ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. "ವಸ್ತುಗಳಿಗೆ ಒಳ್ಳೆಯ ರೇಟಿಂಗ್ ಕೊಟ್ಟರೆ ದಿನಕ್ಕೆ ಸಾವಿರ ರೂಪಾಯಿ", "ನಿನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು, ಕಮಿಷನ್ ಕೊಡುತ್ತೇವೆ" ಎಂಬ ಆಮಿಷಗಳು ನಿಮ್ಮ ಮೊಬೈಲಿಗೆ ಬರುತ್ತಿವೆ. ಮೊದಲನೆಯದರಲ್ಲಿ ಸ್ವಲ್ಪ ಹಣ ಕೊಟ್ಟು ನಂಬಿಸಿ, ಬಳಿಕ ನಿಮ್ಮಿಂದಲೇ ಠೇವಣಿ ಕಟ್ಟಿಸಿಕೊಳ್ಳುತ್ತಾರೆ. ಎರಡನೆಯದು ಇನ್ನೂ ಅಪಾಯ. ಇನ್ನೊಬ್ಬ ಬಡವನಿಂದ ಕದ್ದ ಹಣ ನಿಮ್ಮ ಖಾತೆಯ ಮೂಲಕ ಹಾದುಹೋಗುತ್ತದೆ. ಪೊಲೀಸರು ಮೊದಲು ಬರುವುದು ಖಾತೆಯ ಯಜಮಾನನ ಮನೆಗೆ. ಕಷ್ಟಪಟ್ಟು ಓದಿ ಗಳಿಸುವ ಪದವಿ, ಪಾಸ್‌ಪೋರ್ಟ್, ಉದ್ಯೋಗ ಎಲ್ಲವೂ ಕೆಲವು ಸಾವಿರ ರೂಪಾಯಿಗೆ ಕೈಬಿಟ್ಟು ಹೋಗಬಹುದು.

ಕೊನೆಯದಾಗಿ ಸಂಘಕ್ಕೆ ಒಂದು ಸಲಹೆ. ನಮ್ಮಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಲು ನೆರವು ನೀಡುವ ಯುವಕರಿದ್ದಾರೆ. ಅವರಲ್ಲೇ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು 1930ರ ದೂರು, ಬ್ಯಾಂಕಿನ ಅರ್ಜಿ, ಗ್ರಾಹಕ ಆಯೋಗದ ಅರ್ಜಿ ಬರೆಯುವುದನ್ನು ಕಲಿತುಕೊಳ್ಳಲಿ. ಅವರ ಹೆಸರು ಮತ್ತು ಫೋನ್ ನಂಬರನ್ನು ಸಂಘದ ಸೂಚನಾ ಫಲಕದಲ್ಲಿ ಹಾಕೋಣ. ಓದು ಬಾರದ ತಾಯಿಯೊಬ್ಬಳು ರಾತ್ರಿ ಹತ್ತು ಗಂಟೆಗೆ ಹಣ ಕಳೆದುಕೊಂಡರೆ ಯಾರ ಬಾಗಿಲು ಬಡಿಯಬೇಕೆಂದು ಅವಳಿಗೆ ಗೊತ್ತಿರಬೇಕು.

ಈಗ ನಿಮ್ಮ ಜೇಬಿನಿಂದ ಮೊಬೈಲ್ ತೆಗೆಯಿರಿ. 1930 ಎಂಬ ನಂಬರನ್ನು 'ಹಣ ಹೋದರೆ' ಎಂಬ ಹೆಸರಿನಲ್ಲಿ ಉಳಿಸಿಕೊಳ್ಳಿ. ಮನೆಗೆ ಹೋದ ಮೇಲೆ ತಾಯಿಯ ಮೊಬೈಲಿನಲ್ಲಿಯೂ ಉಳಿಸಿಕೊಡಿ. ಅದನ್ನು ಒತ್ತುವ ದಿನ ಯಾರಿಗೂ ಬಾರದಿರಲಿ. ಬಂದರೆ ತಡಮಾಡಬೇಡಿ.